ಹದಿನಾರನೆಯ ಜಾಗ

ಅದು 1999ನೆಯ ಇಸವಿ. ನನಗೆ ಆಗ ನಲವತ್ತೆರಡು ವರ್ಷ. ಪ್ರೌಢಶಾಲೆಯ ಕನ್ನಡ ಮಾಸ್ತರಿಕೆಯನ್ನು ಬಿಟ್ಟು ಎರಡು ವರ್ಷವಾಗಿತ್ತು. ಕುಂದಾಪುರದ ಒಂದು ಮಹಡಿಯ ಮೇಲೆ ಎರಡು ಕಂಪ್ಯೂಟರುಗಳನ್ನೂ ಒಂದು ಮುದ್ರಕವನ್ನೂ ಇಟ್ಟುಕೊಂಡು ಅರ್ಜಿ, ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆಗಳನ್ನು ಅಚ್ಚು ಮಾಡಿಕೊಡುತ್ತಿದ್ದೆ. ‘ತಪ್ಪಿಲ್ಲದೆ ಮಾಡಿಕೊಡಲಾಗುವುದು’ ಎಂದು ಬಾಗಿಲ ಫಲಕದಲ್ಲಿ ಬರೆಸಿದ್ದೆ. ಆ ಫಲಕವನ್ನು ಮರುವರ್ಷ ತೆಗೆಸಿದೆ. ತೆಗೆಸಲು ಕಾರಣವಾದ ಕೆಲಸವನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ಮೀನು ಮಾರುಕಟ್ಟೆಯಿತ್ತು. ಊರಿನ ಹೆಸರು ಬೇಡ. ಅಲ್ಲಿ ಹದಿನಾರು ಮಂದಿ ಹೆಂಗಸರು ಎದುರುಬದುರಾಗಿ ಎರಡು ಸಾಲಿನಲ್ಲಿ, ಸಾಲಿಗೆ ಎಂಟರಂತೆ ಕುಳಿತು ಮಾರುತ್ತಿದ್ದರು. ಮೇಲಿನ ಸಾಲಿನ ಮೊದಲನೆಯ ಜಾಗ ಬಾಗಿಲಿನ ಪಕ್ಕದ್ದು. ಒಳಗೆ ಬಂದ ಗಿರಾಕಿಯ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಕೆಳಗಿನ ಸಾಲಿನ ಕೊನೆಯದು ಹದಿನಾರನೆಯ ಜಾಗ. ಅಲ್ಲಿ ಹೆಂಚಿನ ಮಾಡು ಮುಗಿಯುತ್ತದೆ, ಚರಂಡಿ ಆರಂಭವಾಗುತ್ತದೆ. ಹತ್ತು ಗಂಟೆಗೆ ಬಿಸಿಲು ನೇರ ಬುಟ್ಟಿಯೊಳಗೆ ಇಳಿದು ಐಸು ಕರಗುತ್ತದೆ, ಮೀನು ಮೆತ್ತಗಾಗುತ್ತದೆ. ಅಷ್ಟು ದೂರ ನಡೆದು ಬರುವ ಗಿರಾಕಿ ಎಂದರೆ ಉಳಿದ ಹದಿನೈದು ಕಡೆ ಚೌಕಾಸಿ ಮಾಡಿ ಸೋತವನು.

ಆದ್ದರಿಂದ ಜಾಗಗಳನ್ನು ವಾರಕ್ಕೊಮ್ಮೆ ಬದಲಿಸುವ ಪದ್ಧತಿಯಿತ್ತು. ಸೋಮವಾರ ಮೀನು ಮುಟ್ಟದ ಮನೆಗಳೇ ಹೆಚ್ಚು. ಹೀಗಾಗಿ ಆ ದಿನ ಬೆಳಿಗ್ಗೆ ಎಂಟಕ್ಕೆ, ಗಂಗೊಳ್ಳಿಯ ಕಡೆಯಿಂದ ಟೆಂಪೊ ಬರುವ ಮೊದಲು, ಎಲ್ಲರೂ ಎದ್ದು ನಿಂತು ಹೊಸದಾಗಿ ಕೂರುತ್ತಿದ್ದರು. ಅದಕ್ಕೆ ಅವರು ‘ಹೆಣೆಯುವುದು’ ಎನ್ನುತ್ತಿದ್ದರು. ಮೇಲಿನ ಸಾಲಿನಿಂದ ಒಬ್ಬಳು, ಕೆಳಗಿನ ಸಾಲಿನಿಂದ ಒಬ್ಬಳು, ಮತ್ತೆ ಮೇಲಿನಿಂದ, ಮತ್ತೆ ಕೆಳಗಿನಿಂದ: ಹೀಗೆ ಹೂವಿನ ಮಾಲೆ ಕಟ್ಟಿದಂತೆ ಎರಡು ಸಾಲನ್ನು ಒಂದು ಮಾಡಿ, ಆ ಕ್ರಮದಲ್ಲಿ ಒಂದರಿಂದ ಹದಿನಾರರ ವರೆಗೆ ಕೂರುವುದು. ಇದರಿಂದ ಪಕ್ಕದವಳು ಬದಲಾಗುತ್ತಾಳೆ, ಹಳೆಯ ಜಗಳ ಮುರಿಯುತ್ತದೆ ಎಂಬುದು ಅವರ ಲೆಕ್ಕ. ಆದರೆ ಹೆಣೆಯುವಾಗಲೇ ಹೊಸ ಜಗಳ ಹುಟ್ಟುತ್ತಿತ್ತು. ಯಾರೋ ಬಂದಿಲ್ಲವೆಂದು ಅವಳ ಜಾಗವನ್ನು ಒತ್ತಿ ಮುಚ್ಚುವುದು, ಯಾರೋ ಸರದಿ ತಪ್ಪಿಸಿ ನುಗ್ಗುವುದು, ಬುಟ್ಟಿಗಳು ಉರುಳುವುದು.

ಸೆಪ್ಟೆಂಬರಿನಲ್ಲಿ ಅವರ ಮುಖಂಡೆ ನನ್ನ ಮಹಡಿ ಹತ್ತಿ ಬಂದಳು. ಐವತ್ತು ದಾಟಿದ, ದೊಡ್ಡ ದನಿಯ ಹೆಂಗಸು. ಆ ಹದಿನಾರು ಮಂದಿಯಲ್ಲಿ ಸರಾಗವಾಗಿ ಓದಬಲ್ಲವಳು ಅವಳೊಬ್ಬಳೇ.

“ಹ್ವಾಯ್ ಮಾಷ್ಟ್ರೆ, ನಿಮ್ ಪೆಟ್ಟಿಗಿಗೆ ಜಗಳ ಬಿಡ್ಸುಕೆ ಬತ್ತಾ?”

“ಯಾವ ಜಗಳ?” ಎಂದೆ.

“ಸೋಮಾರ ಸೋಮಾರ ಜುಟ್ಟ್ ಹಿಡ್ಕಂಬ್ದೇ ಆಯ್ತ್. ಮನ್ಷ್ರ್ ಹೇಳ್ದ್ರೆ ಯಾರೂ ಕೇಂತಿಲ್ಲೆ. ಪೆಟ್ಟಿಗಿ ಹೇಳ್ದ್ರೆ ಕೇಂತ್ರ್.”

ನಾನು ಒಪ್ಪಿದೆ. ಹದಿನಾರು ಹೆಸರುಗಳನ್ನು ಅವಳೇ ಬರೆದುಕೊಟ್ಟಳು. ಮೊದಲನೆಯದು ಅವಳದು. ಹದಿನಾರನೆಯದು, ತಾಯಿ ತೀರಿಕೊಂಡ ಮೇಲೆ ಆ ವರ್ಷವಷ್ಟೇ ತಾಯಿಯ ಜಾಗಕ್ಕೆ ಬಂದು ಕುಳಿತಿದ್ದ ಒಬ್ಬಳದು. ತರಗತಿಯ ಪಟ್ಟಿಯಲ್ಲಿ ಮುಂದಾಳುವಿನ ಹೆಸರು ಮೇಲಿರುವುದನ್ನೂ ಹೊಸಬರದು ಕೆಳಗಿರುವುದನ್ನೂ ನೋಡುತ್ತಲೇ ನನ್ನ ಆಯುಷ್ಯ ಕಳೆದಿತ್ತು; ನನಗೆ ಏನೂ ಅನ್ನಿಸಲಿಲ್ಲ.

ಪ್ರೋಗ್ರಾಮು ಹತ್ತೇ ಸಾಲಿನದು. ಹದಿನಾರು ಹೆಸರುಗಳ ಒಂದು ಸರಣಿ, ಎಂಟು ಸುತ್ತು. ಪ್ರತಿ ಸುತ್ತಿನಲ್ಲಿಯೂ ಮೇಲರ್ಧದಿಂದ ಒಂದು ಹೆಸರು, ಕೆಳಗಿನರ್ಧದಿಂದ ಒಂದು ಹೆಸರು. ಆದರೂ ಮೊದಲ ದಿನವೇ ಎಡವಿದೆ. ಹೊಸ ಕ್ರಮವನ್ನು ಬೇರೆ ಸರಣಿಯಲ್ಲಿ ಇಡುವ ಬದಲು ಹಳೆಯದರ ಮೇಲೆಯೇ ಬರೆಯುತ್ತ ಹೋಗಿದ್ದೆ. ಎತ್ತಿಕೊಳ್ಳಬೇಕಾದ ಹೆಸರುಗಳು ಎತ್ತಿಕೊಳ್ಳುವ ಮೊದಲೇ ಅಳಿದುಹೋಗುತ್ತಿದ್ದವು. ಅಕ್ಟೋಬರ್ 4ರ ಸೋಮವಾರ ಮಾರುಕಟ್ಟೆಯಲ್ಲಿ ಮುಖಂಡೆ ಪಟ್ಟಿಯನ್ನು ಗಟ್ಟಿಯಾಗಿ ಓದಿದಾಗ ಒಂಬತ್ತನೆಯವಳ ಹೆಸರು ನಾಲ್ಕು ಸಲ ಬಂತು. ಏಳು ಮಂದಿಯ ಹೆಸರೇ ಇರಲಿಲ್ಲ.

“ಹೋ! ಒಬ್ಳೇ ನಾಲ್ಕ್ ಕಡೆ ಕೂಕಂತ್ಯಾ ಹೆಣ್ಣೇ? ಅಷ್ಟ್ ದೊಡ್ಡ್ ಆಯ್ತಾ ನಿಂದ್?” ಎಂದು ಯಾರೋ ಕೂಗಿದರು.

“ನಿನ್ ಜಾಗವೂ ನಂಗೇ ಬಂತ್. ನೀ ಮನಿಗ್ ಹೋಯಿ ಮನಿಕೊ” ಎಂದು ಒಂಬತ್ತನೆಯವಳು ತಿರುಗೇಟು ಕೊಟ್ಟಳು.

ನಗು ಹೆದ್ದಾರಿಯ ವರೆಗೆ ಕೇಳಿಸಿತು. ಇಪ್ಪತ್ತು ವರ್ಷ ಇನ್ನೊಬ್ಬರ ತಪ್ಪಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದವನಿಗೆ ಆ ನಗು ಹೇಗೆ ತಾಗಿತೆಂದು ವಿವರಿಸಬೇಕಾಗಿಲ್ಲ. ಅಂದೇ ಕುಂದಾಪುರಕ್ಕೆ ಹಿಂತಿರುಗಿ ತಿದ್ದಿ, ಹನ್ನೊಂದು ಗಂಟೆಗೆ ಸರಿಯಾದ ಪಟ್ಟಿ ತಂದುಕೊಟ್ಟೆ. ಇನ್ನು ಇವರ ಎದುರು ತಪ್ಪುವುದಿಲ್ಲ ಎಂದು ಬಸ್ಸಿನಲ್ಲಿಯೇ ನಿರ್ಧರಿಸಿದ್ದೆ. ಆ ನಿರ್ಧಾರವೇ ಮುಂದಿನ ಕೇಡಿಗೆಲ್ಲ ಮೂಲ.

ಒಂದು ಸುಧಾರಣೆಯನ್ನೂ ನಾನಾಗಿಯೇ ಸೇರಿಸಿದೆ. ಹಾಜರಿಲ್ಲದವಳ ಹೆಸರನ್ನು ಪಟ್ಟಿಯಿಂದ ತೆಗೆಯುವಂತಿಲ್ಲ. ಗೈರುಹಾಜರಿಯೂ ಪುಸ್ತಕದಲ್ಲಿ ದಾಖಲಾಗಬೇಕಾದ ಸಂಗತಿಯೇ. ಹಿಂದಿನಂತೆ ಖಾಲಿ ಜಾಗವನ್ನು ಒತ್ತಿ ಮುಚ್ಚುವುದು ನಿಂತಿತು. ನುಗ್ಗುವುದೂ ನಿಂತಿತು. ಬುಟ್ಟಿ ಉರುಳಲಿಲ್ಲ. ಮುಖಂಡೆ ಬಹಳ ಸಂತೋಷಪಟ್ಟಳು. ಪ್ರತಿ ಮಂಗಳವಾರ ಅವಳ ಕಡೆಯಿಂದ ನನ್ನ ಮನೆಗೆ ಬಾಳೆಯೆಲೆಯಲ್ಲಿ ಸುತ್ತಿದ ನಾಲ್ಕು ತುಂಡು ಅಂಜಲ್ ಮೀನು ಬರತೊಡಗಿತು. ಮಾಸ್ತರನಾಗಿದ್ದಾಗ ವಿದ್ಯಾರ್ಥಿಗಳಿಂದ ಒಂದು ಪೇರಳೆ ಹಣ್ಣನ್ನೂ ಪಡೆಯದ ನಾನು ಅದನ್ನು ಗೌರವ ಎಂದು ತಿಳಿದು ತಿಂದೆ.

ಹದಿನಾರನೆಯವಳು ಮೊದಲ ಸಲ ನನ್ನನ್ನು ಮಾತಾಡಿಸಿದ್ದು ನವೆಂಬರಿನಲ್ಲಿ.

“ಮಾಷ್ಟ್ರೆ, ನಂಗೆ ಯಾವಾಗ್ಳೂ ಕಡಿ ಜಾಗವೇ ಬತ್ತತ್ತಲ್ಲ. ಒಂಚೂರ್ ಕಾಣಿ.”

“ಯಂತ್ರಕ್ಕೆ ನಿನ್ನ ಮುಖ ಗೊತ್ತಿಲ್ಲಮ್ಮ. ಅದು ವಾರವಾರವೂ ಕಲಸುತ್ತದೆ. ಯಾರಾದರೊಬ್ಬರು ಕೊನೆಗೆ ಬರಲೇಬೇಕಲ್ಲ?”

ಜನವರಿಯಲ್ಲಿ ಮತ್ತೆ ಕೇಳಿದಳು. ‘ಯಾವಾಗಲೂ’ ಎಂಬುದಕ್ಕೆ ಆಧಾರವೇನು ಎಂದು ನಾನು ಕೇಳಿದೆ. ಆಧಾರ ಅವಳಲ್ಲಿರಲಿಲ್ಲ; ನನ್ನಲ್ಲಿಯೂ ಇರಲಿಲ್ಲ. ಹೊಸ ಪಟ್ಟಿ ಹಳೆಯ ಪಟ್ಟಿಯನ್ನು ಅಳಿಸಿ ಅದೇ ಫ್ಲಾಪಿಯಲ್ಲಿ ಕೂರುತ್ತಿತ್ತು. ಅಚ್ಚಾದ ಕಾಗದಗಳು ಮೀನು ಕಟ್ಟಲು ಹೋಗುತ್ತಿದ್ದವು. ಅಚ್ಚಾದದ್ದನ್ನು ನಾನು ಓದುತ್ತಲೂ ಇರಲಿಲ್ಲ. ಹರಿದು ಮುಖಂಡೆಯ ಕೈಗೆ ಕೊಡುತ್ತಿದ್ದೆ.

ಅಷ್ಟರಲ್ಲಿ ಅವಳ ಹೆಸರು ಹೋಗಿ ‘ಹದ್ನಾರ್’ ಎಂದಾಗಿತ್ತು.

“ಹದ್ನಾರ್, ಚರಂಡಿ ನೀರ್ ಬಿಸಿ ಆಯ್ತಾ? ಸ್ನಾನ ಮಾಡುಕೆ ಬತ್ತ್” ಎಂದು ಐದನೆಯ ಜಾಗದಿಂದ ಒಬ್ಬಳು ಕೂಗುತ್ತಿದ್ದಳು. “ಅವ್ಳ್ ಮೀನ್ ಬೇಯ್ಸುದೇ ಬ್ಯಾಡ, ಬಿಸ್ಲಗೇ ಬೆಂದಿರತ್ತ್” ಎಂದು ಇನ್ನೊಬ್ಬಳು. ಮುಂದೆ ನನಗೆ ತಿಳಿದಂತೆ, ಅವಳನ್ನೂ ಮುಖಂಡೆಯನ್ನೂ ಬಿಟ್ಟು ಉಳಿದ ಹದಿನಾಲ್ಕು ಮಂದಿಗೂ ಒಂದು ಸಂಗತಿ ಅರೆಬರೆಯಾಗಿ ಗೊತ್ತಿತ್ತು: ಏನೇ ಆಗಲಿ, ಚರಂಡಿಯ ಬದಿ ತಮಗೆ ಬರುವುದಿಲ್ಲ. ಅಷ್ಟು ಗೊತ್ತಿದ್ದರೆ ಸಾಕು, ಮನುಷ್ಯರು ನಗಬಲ್ಲರು.

ಫೆಬ್ರವರಿಯಲ್ಲಿ ಅವಳು ಎಲ್ಲರ ಎದುರಿನಲ್ಲಿ ಅಂದಳಂತೆ: “ಮಾಷ್ಟ್ರ್ ಮಂಗ್ಳಾರ ಅಕ್ಕನ ಅಂಜಲ್ ತಿಂತ್ರ್, ಸೋಮಾರ ಅಕ್ಕಂಗೆ ಬಾಗ್ಲ್ ಜಾಗ ಕೊಡ್ತ್ರ್.” ಮುಖಂಡೆ ಅದನ್ನು ಒಂದಕ್ಷರ ಬಿಡದೆ ನನಗೆ ತಲುಪಿಸಿದಳು.

ಮುಂದಿನ ಸೋಮವಾರ ನಾನು ಸಿದ್ಧನಾಗಿಯೇ ಹೋದೆ. ಹದಿನಾರು ಚೀಟಿಗಳಲ್ಲಿ ಹೆಸರು ಬರೆದು, ಹಿಂದಿನ ವಾರದ ಕ್ರಮದಲ್ಲಿ ಎರಡು ಸಾಲಾಗಿ ಜೋಡಿಸಿ, ಎಲ್ಲರೂ ನೋಡುತ್ತಿರುವಂತೆ ಕೈಯಿಂದಲೇ ಹೆಣೆದೆ. ಬಂದ ಕ್ರಮವನ್ನು ಯಂತ್ರದ ಪಟ್ಟಿಯೊಂದಿಗೆ ಹೋಲಿಸಿದೆ. ಹದಿನಾರೂ ತಾಳೆಯಾದವು. ಯಂತ್ರವು ಪದ್ಧತಿಯನ್ನು ಪಾಲಿಸುತ್ತಿದೆ ಎಂದು ಸಾಬೀತಾಯಿತು. ಪದ್ಧತಿಯೇ ಹೇಗಿದೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ಅವಳ ಚೀಟಿ ನನ್ನ ಕಣ್ಣೆದುರೇ ಕೊನೆಯಲ್ಲಿದ್ದು ಮತ್ತೆ ಕೊನೆಗೇ ಬಿತ್ತು. ನಾನು ನೋಡಿದ್ದು ಹೊಂದಿಕೆಯನ್ನು, ಚೀಟಿಯನ್ನಲ್ಲ.

“ಒಂದ್ ವಾರ ಅಲ್ಲ ಮಾಷ್ಟ್ರೆ, ಎಲ್ಲಾ ವಾರ” ಎಂದಳು ಅವಳು.

ಮುಖಂಡೆ ಬಾಗಿಲ ಬಳಿಯಿಂದ ಕೇಳಿದಳು: “ದೀಪಾವಳಿ ವಾರ ನೀ ಮೂರ್ನೇ ಜಾಗದಲ್ ಕೂಕಂಡದ್ ಮರ್ತ್ ಹೋಯ್ತಾ ಹೆಣ್ಣೇ?”

“ಸುಳ್ಳ್ ಹೇಳ್ಬೇಡಿ ಅಕ್ಕ, ಕೈ ಮುಗಿತೆ.”

“ಹೌದ್ ಹೌದ್, ಕೂಕಂಡಿತ್ತ್” ಎಂದು ಮೂರ್ನಾಲ್ಕು ದನಿಗಳು ಒಟ್ಟಿಗೆ ಎದ್ದವು.

ನನಗೆ ಅಷ್ಟು ಸಾಕಾಗಿತ್ತು. ತಪ್ಪೊಪ್ಪಿಗೆಯ ಕಾಗದವನ್ನು ಮೊದಲೇ ಅಚ್ಚು ಮಾಡಿ ತಂದಿದ್ದೆ. “ಯಂತ್ರದ ಪಟ್ಟಿಯಲ್ಲಿ ಯಾವುದೇ ದೋಷವಿಲ್ಲವೆಂದೂ ನಾನು ದುರುದ್ದೇಶದಿಂದ ಅಪವಾದ ಹೊರಿಸಿದೆನೆಂದೂ ಒಪ್ಪಿಕೊಳ್ಳುತ್ತೇನೆ” ಎಂಬುದು ಅದರ ಒಕ್ಕಣೆ. ಸಹಿ ಮಾಡುವ ಮೊದಲು ಗಟ್ಟಿಯಾಗಿ ಓದಬೇಕೆಂದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ದುರುದ್ದೇಶ’ದಲ್ಲಿ ಮೂರು ಸಲ ಎಡವಿದಳು, ಮೂರು ಸಲವೂ ನಾನು ಉಚ್ಚಾರ ತಿದ್ದಿದೆ. ಹೆಂಗಸರು ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಸಹಿ ಹಾಕಿದಾಗ ತನ್ನದೇ ಹೆಸರಿನಲ್ಲಿ ಒಂದು ಒತ್ತು ಬಿಟ್ಟಿದ್ದಳು. ನಾನು ಕೆಂಪು ಲೇಖನಿ ತೆಗೆದು ಅದನ್ನು ಸೇರಿಸಿದೆ.

ಆ ಕಾಗದಕ್ಕೆ ಕ್ರಮಸಂಖ್ಯೆ ಹಾಕಿ ಕಡತದಲ್ಲಿ ಇಟ್ಟುಕೊಂಡೆ.

ಏಪ್ರಿಲಿನಲ್ಲಿ ಬ್ರಹ್ಮಾವರದ ಕಡೆಯ ಆರು ಮಂದಿ ಶಿಕ್ಷಕರು ರಜೆಯಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿಯಲು ನನ್ನಲ್ಲಿಗೆ ಬರುತ್ತಿದ್ದರು. ಏಪ್ರಿಲ್ 27ರ ಗುರುವಾರ ಮಧ್ಯಾಹ್ನ ಅವರಿಗೆ ಸರಣಿಯ ಪಾಠ. ಉದಾಹರಣೆಗೆಂದು ಮೀನು ಮಾರುಕಟ್ಟೆಯ ಪ್ರೋಗ್ರಾಮನ್ನೇ ತೆರೆದೆ. ಕನ್ನಡ ಶಿಕ್ಷಕರ ಎದುರು ಮೀನು ಮಾರುವವರ ಹೆಸರೇಕೆ ಎಂದು ಅವುಗಳನ್ನು ಅಳಿಸಿ, ಹಳೆಯ ವರ್ಣಮಾಲೆಯ ಹದಿನಾರು ಅಕ್ಷರಗಳನ್ನು ತುಂಬಿದೆ: ಅ ಆ ಇ ಈ ಉ ಊ ಋ ೠ ಎ ಏ ಐ ಒ ಓ ಔ ಅಂ ಅಃ. ಕೊನೆಯ ಎರಡು ಸ್ವರಗಳಲ್ಲ, ಯೋಗವಾಹಗಳು ಎಂಬ ಟಿಪ್ಪಣಿಯನ್ನೂ ಕೊಟ್ಟೆ.

ಒಮ್ಮೆ ಹೆಣೆದೆ: ಅ ಎ ಆ ಏ ಇ ಐ ಈ ಒ ಉ ಓ ಊ ಔ ಋ ಅಂ ೠ ಅಃ. “ಚೆನ್ನಾಗಿ ಕಲಸಿತು ನೋಡಿ” ಎಂದೆ. ಎರಡನೆಯ ಸಲ ಒತ್ತಿದೆ. ಮೂರನೆಯ ಸಲ ಒತ್ತಿದೆ.

“ಸರ್, ಅ ಮತ್ತ್ ಅಃ ಎಲ್ಲಿಗೂ ಹೋತಿಲ್ಯಲ್ಲ?” ಎಂದರು ಹಿಂದೆ ಕುಳಿತಿದ್ದ ಒಬ್ಬ ಶಿಕ್ಷಕಿ.

ನಾನು ನಾಲ್ಕನೆಯ ಸಲ ಒತ್ತಿದೆ. ಪರದೆಯ ಮೇಲೆ ಅ ಆ ಇ ಈ ಉ ಊ ಎಂದು ಇಡೀ ವರ್ಣಮಾಲೆ, ಒಂದಕ್ಷರ ಆಚೀಚೆಯಾಗದೆ, ಮೊದಲಿದ್ದಂತೆಯೇ ಬಂದು ನಿಂತಿತು. ಶಿಕ್ಷಕರು ಇದನ್ನು ನಾನು ಉದ್ದೇಶಪೂರ್ವಕವಾಗಿ ಏರ್ಪಡಿಸಿದ ಚಮತ್ಕಾರವೆಂದು ತಿಳಿದು ಚಪ್ಪಾಳೆ ತಟ್ಟಿದರು.

ತರಗತಿಯನ್ನು ಅಲ್ಲಿಗೇ ಮುಗಿಸಿ ಅವರನ್ನು ಕಳುಹಿಸಿದೆ. ಕಾಗದ ತೆಗೆದುಕೊಂಡು ಕುಳಿತೆ. ಗಣಿತವೇ ಬೇಕಾಗಿರಲಿಲ್ಲ. ಮೇಲಿನ ಸಾಲಿನ ಮೊದಲನೆಯವಳಿಂದ ಹೆಣೆಯಲು ಆರಂಭಿಸಿದರೆ ಅವಳು ಮತ್ತೆ ಮೊದಲನೆಯವಳೇ. ಕೆಳಗಿನ ಸಾಲಿನ ಕೊನೆಯವಳಲ್ಲಿ ಮುಗಿಸಿದರೆ ಅವಳು ಮತ್ತೆ ಕೊನೆಯವಳೇ. ನಡುವಿನ ಹದಿನಾಲ್ಕು ಮಂದಿ ಎಷ್ಟೇ ಓಡಾಡಿದರೂ ನಾಲ್ಕು ವಾರದಲ್ಲಿ ಎಲ್ಲಿದ್ದರೋ ಅಲ್ಲಿಗೇ ಬರುತ್ತಾರೆ. ನನ್ನ ಮೊದಲ ದಿನದ ತಪ್ಪು ಪಟ್ಟಿಯಲ್ಲಿಯೂ ಆ ಎರಡು ಹೆಸರುಗಳು ಸ್ವಸ್ಥಾನದಲ್ಲಿಯೇ ಇದ್ದವು ಎಂಬುದು ಆಗ ನೆನಪಾಯಿತು.

ಹಾಗಾದರೆ ಹಿಂದೆ ಇಷ್ಟು ವರ್ಷ ಒಬ್ಬಳೇ ಚರಂಡಿಯ ಬದಿಗೆ ಏಕೆ ಉಳಿದಿರಲಿಲ್ಲ? ನುಗ್ಗಾಟದಿಂದ. ಬಾರದವಳ ಜಾಗವನ್ನು ಒತ್ತಿ ಮುಚ್ಚುತ್ತಿದ್ದುದರಿಂದ. ಅವರ ತಪ್ಪುಗಳೇ ಅವರನ್ನು ಜಾಗ ಬಿಡಿಸಿ ಮುಂದಕ್ಕೆ ತಳ್ಳುತ್ತಿದ್ದವು. ನಾನು ಒಂದು ತಪ್ಪನ್ನೂ ಉಳಿಸಿರಲಿಲ್ಲ.

ತಿದ್ದುಪಡಿ ಎಷ್ಟು ದೊಡ್ಡದೆಂದರೆ, ಎರಡು ಸಾಲುಗಳನ್ನು ಅದಲುಬದಲು ಮಾಡುವಷ್ಟು. ಕೆಳಗಿನ ಸಾಲಿನಿಂದ ಆರಂಭಿಸಿದರೆ ಮುಗಿಯಿತು. ಹದಿನಾರನೆಯವಳು ಮೊದಲ ವಾರ ಹದಿನೈದಕ್ಕೆ, ಅಲ್ಲಿಂದ ಹದಿಮೂರಕ್ಕೆ, ಒಂಬತ್ತಕ್ಕೆ, ನಾಲ್ಕನೆಯ ವಾರ ಒಂದನೆಯ ಜಾಗಕ್ಕೆ ಬರುತ್ತಾಳೆ. ಮೊದಲನೆಯವಳು ಎರಡು, ನಾಲ್ಕು, ಎಂಟು ಎಂದು ಜಾರುತ್ತ ಅದೇ ನಾಲ್ಕನೆಯ ವಾರ ಹದಿನಾರಕ್ಕೆ ಇಳಿಯುತ್ತಾಳೆ. ಏನನ್ನೂ ಹೇಳದೆ, ಸೋಮವಾರ ಸುಮ್ಮನೆ ಹೊಸ ಪಟ್ಟಿ ಕೊಟ್ಟುಬಿಡೋಣ ಎಂದುಕೊಂಡೆ. ಯಾರಿಗೂ ತಿಳಿಯುವುದಿಲ್ಲ; ಅವಳಿಗೂ ಅನುಕೂಲವಾಗುತ್ತದೆ. ಇದನ್ನು ದಯೆ ಎಂದು ಕರೆದುಕೊಳ್ಳಲು ನನಗೆ ಆ ಗುರುವಾರ ಸಾಧ್ಯವಾಗಿತ್ತು.

ಸೋಮವಾರ ಓದುವಾಗ ಗಲಾಟೆಯಾಗಬಾರದೆಂದು ಶುಕ್ರವಾರವೇ ಹೋಗಿ ಮುಖಂಡೆಗೆ ಪಟ್ಟಿ ತೋರಿಸಿದೆ. ಅವಳು ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾಡಿಸಿದಳು.

“ಇದೆಂತ? ಕೆಳ್ಗಿನ್ ಸಾಲಿಂದ ಹೆಣ್ದಿರಿ?”

“ಸಣ್ಣದೊಂದು ಬದಲಾವಣೆ.”

“ಸಣ್ಣದಾ?” ಎಂದು ನಕ್ಕಳು. “ಮಾಷ್ಟ್ರೆ, ಪಟ್ಟಿ ಓದುದ್ ನಾನಲ್ದಾ? ವಾರ ವಾರ ನನ್ ಹೆಸ್ರೇ ಸುರುವಿಗೆ ಓದ್ತಾ ಇದ್ದೆ. ದೀಪಾವಳಿ ಹೊತ್ತಿಗೇ ಗೊತ್ತಾಯ್ತ್. ಬರ್ದವ್ರಿಗೇ ಕಾಂಬ್ದಿಲ್ಲೆ ಅಂದ್ರೆ ನಂದ್ ತಪ್ಪಾ?”

“ಮೂರನೆಯ ಜಾಗದಲ್ಲಿ ಕುಳಿತಿದ್ದಳೆಂದು ಸುಳ್ಳು ಹೇಳಿದಿರಿ.”

“ಸುಳ್ಳ್ ಹೇಳದ್ ನಾನು. ಸಹಿ ಹಾಕ್ಸದ್ದ್ ನೀವ್.”

ಅವಳೇ ಮುಂದುವರಿಸಿದಳು. ಹದಿನಾರನೆಯವಳು ಎರಡು ಸೋಮವಾರದಿಂದ ಬಂದಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಮಾರುತ್ತಾಳಂತೆ. ಮೂರು ಸೋಮವಾರ ಹೆಣೆಯಲು ಬಾರದವಳ ಜಾಗ ಹೋಗುತ್ತದೆ ಎಂಬುದು ಅವರ ಸಂಘದ ಕಟ್ಟಳೆ.

“ನಾಡ್ದ್ ಸೋಮಾರ ಬರ್ದಿರೆ ಜಾಗ ನನ್ ತಂಗಿಗೆ. ಆಮೇಲೆ ನೀವ್ ಯಾವ ಸಾಲಿಂದ ಬೇಕಾರೂ ಹೆಣಿನಿ, ನಾ ಬ್ಯಾಡ ಅಂಬ್ದಿಲ್ಲೆ. ಈಗ ಬದ್ಲ್ ಮಾಡೂದಾರೆ ಎಂತಕ್ ಅಂದ್ ಎಲ್ಲರ್ ಎದ್ರ್ ಹೇಳ್ಕ್. ಹೇಳ್ತ್ರ್ಯಾ?”

ನಾನು ಹೇಳಲಾರೆ ಎಂಬ ನಂಬಿಕೆ ಅವಳಿಗಿತ್ತು. ಏಳು ತಿಂಗಳು ನನ್ನನ್ನು ಸರಿಯಾಗಿಯೇ ಓದಿದ್ದಳು. ಮುಖಂಡೆಯ ಅಂಗೈಯಲ್ಲಿದ್ದ ಆ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಾಗ ನನಗೂ ನಿಶ್ಚಯವಿರಲಿಲ್ಲ. ಬಸ್ಸು ಹೆಮ್ಮಾಡಿ ದಾಟುವ ಹೊತ್ತಿಗೆ, ಹೇಳದಿದ್ದರೆ ಹದಿನಾರನೆಯವಳ ತಾಯಿಯ ಜಾಗವನ್ನು ಕಿತ್ತುಕೊಂಡವನು ನಾನೇ ಆಗುತ್ತೇನೆ, ಮುಖಂಡೆಯಲ್ಲ ಎಂಬುದು ಸ್ಪಷ್ಟವಾಯಿತು. ಹೇಳುವುದೆಂದು ತೀರ್ಮಾನಿಸಿದೆ.

ಭಾನುವಾರ ಬೆಳಿಗ್ಗೆ ಒಂಬತ್ತನೆಯವಳು ಹೇಳಿದ ಗುರುತು ಹಿಡಿದು ಉಪ್ಪುಂದ ದಾಟಿ, ಶಿರೂರಿನ ಒಳರಸ್ತೆಗಳಲ್ಲಿ ಎರಡು ಗಂಟೆ ಹುಡುಕಿದೆ. ಒಂದು ಮನೆಯ ಬೇಲಿಬಾಗಿಲ ದಣಪೆಯ ಬಳಿ ಬುಟ್ಟಿ ಇಳಿಸಿ ಬಂಗುಡೆ ಎಣಿಸುತ್ತಿದ್ದಳು. ತಲೆಯ ಮೇಲಿನ ಸಿಂಬಿಯಿಂದ ಮೀನಿನ ನೀರು ಕೆನ್ನೆಗೆ ಇಳಿದಿತ್ತು. ಗಿರಾಕಿ ಒಳಗೆ ಹೋಗುವ ತನಕ ನನ್ನತ್ತ ನೋಡಲಿಲ್ಲ.

“ನಿಮ್ಮ ಮಾತು ಸರಿಯಾಗಿತ್ತು. ಪಟ್ಟಿ ತಪ್ಪು. ನಾನು ಗಮನಿಸಲಿಲ್ಲ” ಎಂದೆ.

“ಈಗ ನೀವ್ ಅಂತ್ರಿ. ಅವತ್ತ್ ನೀನ್ ಅಂದಿರಿ.”

ಉಳಿದ ಬಂಗುಡೆಗಳನ್ನು ಬುಟ್ಟಿಗೆ ಹಾಕಿದಳು.

“ಗೊತ್ತಾಪ್ಕೆ ಏಳ್ ತಿಂಗ್ಳ್ ಬೇಕಾಯ್ತಾ? ಅಷ್ಟ್ ಕಲ್ತ್ ನಿಮ್ಗೆ? ನಾಲ್ಕ್ನೇ ಕ್ಲಾಸ್ ಬಿಟ್ಟ್ ನಂಗೆ ಎರಡ್ನೇ ವಾರವೇ ಗೊತ್ತಾಯ್ತ್.”

“ನಾಳೆ ನೀವು ಬರಬೇಕು. ಬಾರದಿದ್ದರೆ ಜಾಗ ಹೋಗುತ್ತದೆ.”

“ಅದ್ ನನ್ ಹೆತ್ತಬ್ಬಿ ಜಾಗ. ಮೂವತ್ತ್ ವರ್ಷ ಕೂಕಂಡಿತ್ತ್ ಅಬ್ಬಿ. ನಂಗೆ ಬ್ಯಾಡ ಅಂದ್ ಬಿಟ್ಟದ್ ಅಂದ್ಕಂಡ್ರ್ಯಾ?” ಬುಟ್ಟಿಯ ಮೇಲೆ ಗೋಣಿ ಮುಚ್ಚಿದಳು. “ನಿಮ್ ತಪ್ಪ್ ಕಾಗ್ದದ್ ಮೇಲೆ ಬರೀನಿ. ಅಲ್ಲೇ, ಎಲ್ಲರ್ ಎದ್ರ್, ನಾ ಓದದಾಂಗೆ ನಿತ್ಕಂಡ್ ಓದಿ. ಓದ್ರೆ ಒಳಗ್ ಬತ್ತೆ. ಇಲ್ದಿರೆ ಬಾಗ್ಲಂದ್ಲೇ ತಿರ್ಗಿ ಹೋತೆ.”

ಬುಟ್ಟಿಯನ್ನು ತಲೆಗೆತ್ತಲು ನಾನು ಕೈ ಚಾಚಿದೆ. “ಬ್ಯಾಡ” ಎಂದು ತಾನೇ ಎತ್ತಿಕೊಂಡಳು.

ಮೇ 1, ಸೋಮವಾರ. ಎಂಟು ಗಂಟೆಗೆ ಹದಿನೈದು ಮಂದಿ ಎದ್ದು ನಿಂತಿ‌ದ್ದರು. ಮುಖಂಡೆಯ ತಂಗಿ ಹೊಸ ಬುಟ್ಟಿಯೊಂದಿಗೆ ಚರಂಡಿಯ ಬದಿಯಲ್ಲಿ ಕಾಯುತ್ತಿದ್ದಳು. ಹದಿನಾರನೆಯವಳು ಬಾಗಿಲ ಹೊರಗೆ, ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ನಾನು ಕಾಗದ ಬಿಡಿಸಿ ಓದತೊಡಗಿದೆ: “ಪಟ್ಟಿಯನ್ನು ಸಿದ್ಧಪಡಿಸುವಲ್ಲಿ ನನ್ನಿಂದ ಗಂಭೀರವಾದ ದೋಷ ಸಂಭವಿಸಿದ್ದು…”

“ಮಾಷ್ಟ್ರೆ, ಗಟ್ಟಿ ಓದಿ. ಕೇಂತಿಲ್ಲೆ” ಎಂದಳು ಹದಿನಾರನೆಯವಳು ಹೊರಗಿನಿಂದಲೇ.

ಮತ್ತೆ ಮೊದಲಿನಿಂದ ಓದಿದೆ.

“ದೋಷ ಅಂದ್ರೆ ಎಂತ? ಸಮ ಕನ್ನಡದಗೆ ಹೇಳಿ” ಎಂದು ಒಳಗಿನಿಂದ ಯಾರೋ ಕೂಗಿದರು.

“ತಪ್ಪು” ಎಂದೆ. “ನಾನು ಮಾಡಿದ್ದು ತಪ್ಪು. ಏಳು ತಿಂಗಳು ಇವರನ್ನು ಒಂದೇ ಜಾಗದಲ್ಲಿ ಕೂರಿಸಿದೆ. ಇವರು ಹೇಳಿದಾಗ ನಂಬದೆ ಇವರಿಂದಲೇ ತಪ್ಪೊಪ್ಪಿಗೆ ಬರೆಸಿಕೊಂಡೆ. ಮಂಗಳವಾರದ ಮೀನು ತಿಂದದ್ದೂ ನಿಜ.”

ನಗು ಬಂತು. ಫೆಬ್ರವರಿಯಲ್ಲಿ ಬಂದ ನಗುವೇ. ದಿಕ್ಕು ಮಾತ್ರ ಬದಲಾಗಿತ್ತು. ಅದು ನಿಂತ ಮೇಲೆ ಹೊಸ ಕ್ರಮವನ್ನು ವಿವರಿಸಿದೆ. ಇದೂ ಪೂರ್ತಿ ಸಮವಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಎಂಟು ಮಂದಿ ಮಾತ್ರ ಬಾಗಿಲಿಗೂ ಚರಂಡಿಗೂ ಸರದಿಯಲ್ಲಿ ಬರುತ್ತಾರೆ. ಉಳಿದ ಎಂಟು ಮಂದಿಗೆ ಎರಡೂ ಬರುವುದಿಲ್ಲ.

“ನಮ್ಗೆ ಬಾಗ್ಲೂ ಬ್ಯಾಡ, ಚರಂಡಿಯೂ ಬ್ಯಾಡ” ಎಂದರು ಆ ಉಳಿದವರಲ್ಲಿ ಕೆಲವರು.

ಒಂಬತ್ತನೆಯವಳು ಮುಂದೆ ಬಂದಳು. “ಅದೆಲ್ಲ ಇರ್ಲಿ. ಅಕ್ಕ ಚರಂಡಿ ಬದಿಗೆ ಬಪ್ದ್ ಯಾವ ಸೋಮಾರ ಮಾಷ್ಟ್ರೆ?”

“ಇವತ್ತಿನಿಂದ ಎಣಿಸಿದರೆ ನಾಲ್ಕನೆಯ ಸೋಮವಾರ.”

“ಹಂಗಾರೆ ಕೆಳ್ಗಿನ್ ಸಾಲಿಂದ್ಲೇ ಹೆಣಿನಿ!”

ಹದಿಮೂರು ಕೈಗಳು ಮೇಲೆದ್ದವು. ಅವುಗಳಲ್ಲಿ ಒಂದಾದರೂ ಹದಿನಾರನೆಯವಳಿಗಾಗಿ ಎದ್ದದ್ದೆಂದು ನನಗೆ ಅನ್ನಿಸಲಿಲ್ಲ. ಮುಖಂಡೆ ನನ್ನನ್ನು ನೋಡಿದಳು. ಅವಳ ತಂಗಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ಹದಿನಾರನೆಯವಳು ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಹದಿನೈದನೆಯ ಜಾಗದಲ್ಲಿ ಕುಳಿತಳು. ಮಾಡಿನ ನೆರಳು ಅವಳ ಮೊಣಕಾಲಿನ ವರೆಗೆ ಬರುತ್ತಿತ್ತು.

ನಾಲ್ಕನೆಯ ಸೋಮವಾರ ಕಡತದಿಂದ ಆ ಹಳೆಯ ಕಾಗದವನ್ನು ತೆಗೆದುಕೊಂಡು ಹೋದೆ. ಅವಳು ಬಾಗಿಲ ಪಕ್ಕದ ಮೊದಲನೆಯ ಜಾಗದಲ್ಲಿ ಕುಳಿತಿದ್ದಳು. ಆಚೆ ಕೊನೆಯಲ್ಲಿ, ಮಾಡು ಮುಗಿಯುವಲ್ಲಿ, ಮುಖಂಡೆ ತಲೆಯ ಮೇಲೆ ಗೋಣಿ ಹೊದ್ದುಕೊಂಡಿದ್ದಳು.

“ಹದ್ನಾರ್, ಚರಂಡಿ ನೀರ್ ಬಿಸಿ ಆಯ್ತಾ?” ಎಂಬ ಕೂಗು ಕೇಳಿಸಿತು. ಈ ಸಲ ಕೂಗಿದ್ದು ಐದನೆಯ ಜಾಗದಿಂದಲ್ಲ, ಮೊದಲನೆಯದರಿಂದ.

ನಾನು ಕಾಗದವನ್ನು ಅವಳಿಗೆ ಕೊಟ್ಟೆ. ಬಿಡಿಸಿ ನೋಡಿದಳು. ನನ್ನ ಅಚ್ಚು, ಅವಳ ಸಹಿ, ಕೆಂಪು ಶಾಯಿಯ ಒತ್ತು. ಮಡಚಿ ಇಟ್ಟುಕೊಳ್ಳುತ್ತಾಳೆ ಅಥವಾ ಹರಿಯುತ್ತಾಳೆ ಎಂದುಕೊಂಡಿದ್ದೆ. ಅದನ್ನು ಬುಟ್ಟಿಯ ಅಂಚಿನಲ್ಲಿ ಹರವಿ, ಎರಡು ಬಂಗುಡೆ ಇಟ್ಟು, ಬಿಗಿಯಾಗಿ ಸುತ್ತಿ, ಎಲ್ಲರೂ ನೋಡುತ್ತಿರುವಂತೆ ನನ್ನತ್ತ ಚಾಚಿದಳು.

“ತಕಣಿ ಮಾಷ್ಟ್ರೆ. ಸಹಿ ಸಮ ಇತ್ತಾ, ಮನಿಗ್ ಹೋಯಿ ಇನ್ನೊಂದ್ ಸಲ ಕಾಣಿ.”

ತೆಗೆದುಕೊಂಡೆ. ಕೆಂಪು ಶಾಯಿ ಮೀನಿನ ನೀರಿಗೆ ಕರಗಿ ನನ್ನ ಬೆರಳಿಗೆ ಹತ್ತಿತು. ಆ ದಿನ 22 ಮೇ 2000, ಸೋಮವಾರ.